ಸ್ಟೆಮ್ ಸೆಲ್ ಕಸಿ ಮಾಡಿಸಿದರೆ ಕಣ್ಣಿನ ಹರ್ಪಿಸ್ ಹೋಗುತ್ತದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಯಜಮಾನರಿಗೆ 41 ವರ್ಷ. ಬಲಗಣ್ಣಿಗೆ ಹರ್ಪಿಸ್ ಸೋಂಕು ಬರುತ್ತದೆ, ವಾಸಿಯಾಗುತ್ತದೆ, ಮತ್ತೆ ಬರುತ್ತದೆ. ಕಣ್ಣು ಕೆಂಪಾದಾಗಲೆಲ್ಲ ಮನೆಯಲ್ಲಿರುವ ಹಳೇ ಡ್ರಾಪ್ಸ್ ಹಾಕಿಕೊಳ್ಳುತ್ತಾರೆ. ಈಗ ದೃಷ್ಟಿ ಸ್ವಲ್ಪ ಮಂಜಾಗಿದೆ. ಇನ್ನೊಂದು ಕಣ್ಣಿನಿಂದ ಸ್ಟೆಮ್ ಸೆಲ್ ತೆಗೆದು ಹಾಕಿದರೆ ಪೂರ್ತಿ ಗುಣವಾಗುತ್ತದಂತೆ, ನಿಜಾನಾ?
– ಓದುಗರು, ದಾವಣಗೆರೆ

ಉತ್ತರ: ಇಲ್ಲಮ್ಮ, ಕಸಿಯಿಂದ ಈ ಹರ್ಪಿಸ್ ವೈರಸ್ ಹೋಗುವುದಿಲ್ಲ. ಅದು ಮನೆ ಮಾಡಿಕೊಂಡಿರುವುದು ಕಣ್ಣಿನಲ್ಲಲ್ಲ, ಕಣ್ಣಿನ ಹಿಂದೆ, ಮುಖದ ಸ್ಪರ್ಶ, ನೋವು ತಿಳಿಸುವ ನರದ ಗಂಟಿನಲ್ಲಿ. ಜ್ವರ ಬಂದಾಗ ಅಥವಾ ಆಪರೇಷನ್ ಆದಾಗ ಅಲ್ಲಿಂದ ಎದ್ದು ನರದ ಗುಂಟ ಕಾರ್ನಿಯಾಗೆ, ಅಂದರೆ ಕರಿಗುಡ್ಡೆಯ ಮುಂದಿರುವ ಪಾರದರ್ಶಕ ಪದರಕ್ಕೆ, ಬರುತ್ತದೆ. ಹೊಸ ಜೀವಕೋಶ ಹಾಕಿದರೆ ಅವಕ್ಕೂ ಸೋಂಕು ತಗಲಬಹುದು.

ಹಾಗಾದರೆ ಈ ಕಸಿ ಯಾತಕ್ಕೆ? ಕರಿಗುಡ್ಡೆ ಮತ್ತು ಬಿಳಿಗುಡ್ಡೆ ಸೇರುವ ಅಂಚಿನಲ್ಲಿ ಸ್ಟೆಮ್ ಸೆಲ್‌ಗಳಿವೆ. ಕಾರ್ನಿಯಾದ ಮೇಲ್ಪದರ ಸವೆದಂತೆ ಹೊಸದು ಹುಟ್ಟಿಸುವುದು ಇವೇ. ಇವು ಸತ್ತರೆ ರಕ್ತನಾಳಗಳಿರುವ ಬಿಳಿಭಾಗದ ಪೊರೆ ಕಾರ್ನಿಯಾ ಮೇಲೆ ಹಬ್ಬಿ ದೃಷ್ಟಿ ಮುಚ್ಚುತ್ತದೆ. ಹೀಗಾಗುವುದು ಜಾಸ್ತಿ ಸುಣ್ಣ, ಆ್ಯಸಿಡ್ ಬಿದ್ದ ಕಣ್ಣಿಗೆ, ಕೆಲವೊಮ್ಮೆ ಪದೇ ಪದೇ ಹರ್ಪಿಸ್ ಆದ ಕಣ್ಣಿಗೂ ಆಗುತ್ತದೆ. 1997ರಲ್ಲಿ ಇಟಲಿಯ ವೈದ್ಯರು ಲ್ಯಾಬಿನಲ್ಲಿ ಬೆಳೆಸಿದ ಕೋಶಗಳನ್ನು ಇಬ್ಬರಿಗೆ ಕಸಿ ಮಾಡಿ ತೋರಿಸಿದರು. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯವರು 2012ರಲ್ಲಿ ಲ್ಯಾಬೇ ಬೇಡದ ಸುಲಭ ವಿಧಾನ ಪ್ರಕಟಿಸಿದರು: ಒಳ್ಳೇ ಕಣ್ಣಿನ ಅಂಚಿನಿಂದ ಸುಮಾರು 2 ಮಿ.ಮೀ. ಚೂರು ತೆಗೆದು, ಅದನ್ನು ಎಂಟು ಹತ್ತು ತುಣುಕು ಮಾಡಿ, ಹಾಳಾದ ಕಣ್ಣಿನ ಮೇಲೆ ಹೆರಿಗೆಯ ಮಾಸಿನಿಂದ ಪಡೆದ ತೆಳು ಪೊರೆ ಹರಡಿ ಅದರ ಮೇಲೆ ಅಂಟಿಸುತ್ತಾರೆ, ಕೋಶಗಳು ಅಲ್ಲೇ ಹರಡಿ ಬೆಳೆಯುತ್ತವೆ. ನನಗೆ ತುಂಬ ಹೆಮ್ಮೆಯ ಕೆಲಸ ಅದು. ಆದರೆ ಸೋಂಕು ಶಾಂತವಾಗಿರದ ಕಣ್ಣಿಗೆ ಮಾಡುವಂಥದ್ದಲ್ಲ.

ನಿಮ್ಮವರಿಗೆ ಮಂಜು ಬಂದಿರುವುದು ಒಳಪದರದ ಕಲೆಯಿಂದಲೂ ಇರಬಹುದು. ಅದಕ್ಕೆ ಬೇಕಾದರೆ ದಾನಿಯ ಕಾರ್ನಿಯಾ ಕಸಿ, 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ಮಾಡಿದರಲ್ಲ, ಅದು. ಅದಾದ ಮೇಲೂ ವೈರಸ್ ತಡೆಯುವ ಮಾತ್ರೆ ತಪ್ಪುವುದಿಲ್ಲ.

ಈಗಲೇ ಕೇಳಬೇಕಾದ್ದೂ ಆ ಮಾತ್ರೆಯನ್ನೇ. ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ (1998) ವರ್ಷವಿಡೀ ದಿನಕ್ಕೆ ಎರಡು ಸಲ 400 ಮಿ.ಗ್ರಾಂ. ಅಸೈಕ್ಲೊವಿರ್ ತಗೊಂಡವರಲ್ಲಿ 100ಕ್ಕೆ 19 ಜನರಿಗೆ ಸೋಂಕು ಮರುಕಳಿಸಿತು, ತಗೊಳ್ಳದವರಲ್ಲಿ 32 ಜನರಿಗೆ. ನಿಲ್ಲಿಸಿದ ಮೇಲೆ ಆ ರಕ್ಷಣೆ ಉಳಿಯಲಿಲ್ಲ. ಕಿಡ್ನಿ ತೊಂದರೆಯಿದ್ದರೆ ಡೋಸ್ ಬದಲಾಗುತ್ತದೆ, ಹಾಗಾಗಿ ಸುಮ್ನೆ ಅಂಗಡಿಯಲ್ಲಿ ಕೇಳಿ ತರಬೇಡಿ.

ನನಗೆ ನಿಜವಾಗಿ ಭಯ ಆಗಿದ್ದು ಆ ಹಳೇ ಡ್ರಾಪ್ಸ್ ವಿಷಯ ಓದಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದು ಆರಾಮ ಅನಿಸುತ್ತದೆ, ಹರ್ಪಿಸ್‌ನಿಂದ ಕಾರ್ನಿಯಾ ಮೇಲೆ ಆಗುವ, ಕೊಂಬೆಯಂತೆ ಕವಲೊಡೆದ ಹುಣ್ಣು ಮಾತ್ರ ಒಳಗೊಳಗೇ ಹರಡುತ್ತದೆ. ಬಾಟಲಿಯನ್ನು ಜೊತೆಗೇ ತಗೊಂಡು ಹೋಗಿ ಕಾರ್ನಿಯಾ ತಜ್ಞರಿಗೆ ತೋರಿಸಿ, ಅಂಚಿನ ಸ್ಟೆಮ್ ಸೆಲ್‌ಗಳು ನಿಜಕ್ಕೂ ಹಾಳಾಗಿವೆಯಾ ಎಂದು ಕೇಳಿ. ಮುಂದೆ ಕಣ್ಣು ಕೆಂಪಾದರೆ ಅವತ್ತೇ ಹೋಗಬೇಕು ಅಂತ ಯಜಮಾನರಿಗೆ ಹೇಳಿಬಿಡಿ.