ಡೌನ್ ಸಿಂಡ್ರೋಮ್ ಭಯವಿಲ್ಲ, ಆದರೆ ಪ್ಯಾಪ್-ಎ ಕಡಿಮೆ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಚೊಚ್ಚಲ ಗರ್ಭಿಣಿ, 13ನೇ ವಾರ. ಮಗುವಿಗೆ ಡೌನ್ ಸಿಂಡ್ರೋಮ್‌ನಂಥ ತೊಂದರೆಯ ಸಾಧ್ಯತೆ ಎಷ್ಟೆಂದು ಅಂದಾಜಿಸುವ ಡಬಲ್ ಮಾರ್ಕರ್ ರಕ್ತಪರೀಕ್ಷೆಯ ವರದಿಯಲ್ಲಿ ಆ ಸಾಧ್ಯತೆ ಕಡಿಮೆ ಎಂದೇ ಬಂದಿತ್ತು. ಆದರೆ ‘ಪ್ಯಾಪ್-ಎ 0.32 ಎಂಒಎಂ’ ಎಂಬ ಸಾಲಿನ ಕೆಳಗೆ ಆಕೆ ಪೆನ್ನಿನಿಂದ ಒತ್ತಿ ಗೆರೆ ಎಳೆದಿದ್ದರು.

“ಮೇಡಂ, ವಾಂತಿ ಅಂತ ನಾನು ಸರಿಯಾಗಿ ಊಟಾನೇ ಮಾಡ್ಲಿಲ್ಲ. ಅದಕ್ಕೇ ಹೀಗಾಯ್ತಾ?”

ಅಲ್ಲ ಎಂದೆ. ಆ ಅಳುಕು ಹೋಗದೆ ಮುಂದಿನ ಮಾತು ಆಕೆಯ ಕಿವಿಗೆ ಬೀಳುವಂತಿರಲಿಲ್ಲ. ಪ್ಯಾಪ್-ಎ ಎಂಬುದು ಮಾಸು ತಯಾರಿಸುವ ಪ್ರೋಟೀನು. ಬೆಳವಣಿಗೆಗೆ ಬೇಕಾದ ಅಂಶವೊಂದನ್ನು ಬಂಧನದಿಂದ ಬಿಡಿಸಿಕೊಡುತ್ತದೆ. ಎಂಒಎಂ ಎಂಬುದು ಅದರ ಅಳತೆ: ಅಷ್ಟೇ ವಾರ ತುಂಬಿದ ಗರ್ಭಿಣಿಯರ ನಡುಮಟ್ಟವನ್ನು 1 ಎಂದಿಟ್ಟುಕೊಂಡರೆ ಇವರದು ಅದರ ಮೂರನೇ ಒಂದು ಪಾಲು. ಸಾಮಾನ್ಯವಾಗಿ 0.4ಕ್ಕಿಂತ ಕೆಳಗಿದ್ದರೆ ಗಮನ ಕೊಡುತ್ತಾರೆ. ವಾರದ ಲೆಕ್ಕ ಅಥವಾ ತೂಕ ತಪ್ಪಾಗಿ ನಮೂದಾದರೂ ಈ ಅಂಕಿ ಏರುಪೇರಾಗುತ್ತದೆ. ಅದಕ್ಕೇ ಸ್ಕ್ಯಾನ್ ವರದಿ ಪಕ್ಕದಲ್ಲಿಟ್ಟು ಎರಡನ್ನೂ ತಾಳೆ ನೋಡಿದೆವು. ಸರಿಯಾಗಿಯೇ ಇದ್ದವು.

ಮಾಸು ಚೆನ್ನಾಗಿ ಬೇರೂರಿಲ್ಲದಿರಬಹುದು ಎಂಬ ಸುಳಿವಷ್ಟೇ ಇದು. ಮಗುವಿನ ಬೆಳವಣಿಗೆ ಕುಂಠಿತವಾಗುವುದು, ಬಿಪಿ ಏರಿ ತಾಯಿಯ ಅಂಗಾಂಗಗಳಿಗೂ ತೊಂದರೆ ಕೊಡುವ ಪ್ರಿ-ಎಕ್ಲಾಂಪ್ಸಿಯಾ ಆಗುವುದು, ಅವಧಿಗೆ ಮುನ್ನ ಹೆರಿಗೆಯಾಗುವುದು, ಅಪರೂಪಕ್ಕೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವುದು: ಇವುಗಳ ಸಾಧ್ಯತೆ ತುಸು ಹೆಚ್ಚುತ್ತದೆ. ಕೊನೆಯದನ್ನು ಮುಚ್ಚಿಡಲಿಲ್ಲ, ಗಂಡ ಆಗಲೇ ಮೊಬೈಲಿನಲ್ಲಿ ಅದನ್ನು ಓದಿಕೊಂಡಿದ್ದರು. ಪ್ಯಾಪ್-ಎ ಕಡಿಮೆ ಇರುವ ಹೆಚ್ಚಿನವರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತವೆ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿದೆ.

ಪ್ಯಾಪ್-ಎ ಮಟ್ಟವನ್ನು ಏರಿಸುವ ಮಾತ್ರೆಯಾಗಲಿ ಪಥ್ಯವಾಗಲಿ ಇಲ್ಲ. ಮತ್ತೆ ರಕ್ತ ಕೊಟ್ಟು ಪರೀಕ್ಷಿಸಿಯೂ ಪ್ರಯೋಜನವಿಲ್ಲ. ಹಾಸಿಗೆ ಹಿಡಿದು ಮಲಗಬೇಕಾಗಿಯೂ ಇಲ್ಲ. ಆದರೆ ಪ್ರಿ-ಎಕ್ಲಾಂಪ್ಸಿಯಾ ತಡೆಯಲು ಕೊಡುವ ಆಸ್ಪಿರಿನ್ ಬಗ್ಗೆ ಪ್ರಸೂತಿ ತಜ್ಞರನ್ನು ಈ ವಾರವೇ ಕೇಳಿ ಎಂದೆ, ಏಕೆಂದರೆ ಅದನ್ನು 16 ವಾರ ತುಂಬುವ ಮೊದಲೇ ಶುರುಮಾಡಬೇಕು. 2017ರಲ್ಲಿ ಪ್ರಕಟವಾದ ಆಸ್ಪ್ರೆ ಅಧ್ಯಯನದಲ್ಲಿ, ಹೆಚ್ಚು ಅಪಾಯವಿದ್ದ ಗರ್ಭಿಣಿಯರು 36ನೇ ವಾರದವರೆಗೆ ರಾತ್ರಿ 150 ಮಿಲಿಗ್ರಾಂ ತೆಗೆದುಕೊಂಡಿದ್ದರು. 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ಪ್ರಿ-ಎಕ್ಲಾಂಪ್ಸಿಯಾ ಅವರಲ್ಲಿ ಶೇ 1.6ರಷ್ಟಿತ್ತು, ಆಸ್ಪಿರಿನ್ ಸಿಗದವರಲ್ಲಿ ಶೇ 4.3. ಆದರೂ ಅಂಗಡಿಯಿಂದ ತಾವಾಗಿಯೇ ತಂದು ನುಂಗಬಾರದು. ಬೇಕೋ ಬೇಡವೋ ಎಂಬುದನ್ನು ಬಿಪಿ, ಹಿಂದಿನ ಕಾಯಿಲೆಗಳು, ಗರ್ಭಕೋಶದ ರಕ್ತನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತಿದೆ ಎಂದು ತೋರಿಸುವ ಡಾಪ್ಲರ್ ಸ್ಕ್ಯಾನ್ ಎಲ್ಲವನ್ನೂ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಬೆಳವಣಿಗೆಯ ಸ್ಕ್ಯಾನ್‌ಗಳು ಯಾವ್ಯಾವ ವಾರ ಎಂಬುದನ್ನೂ ಈಗಲೇ ಬರೆಸಿಕೊಳ್ಳಲು ಹೇಳಿದೆ.

ಮನೆಯಲ್ಲಿ ಬಿಪಿ ನೋಡಿ ಬರೆದಿಡುವ ಕೆಲಸ ಗಂಡನಿಗೆ ವಹಿಸಿದೆ. 140/90 ಮುಟ್ಟಿದರೆ ಅದೇ ದಿನ ವೈದ್ಯರಿಗೆ ಫೋನ್. 160/110 ಆದರೆ, ತಲೆ ಸಿಡಿಯುವಂತೆ ನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು ಕಂಡರೆ, ಮುಂದಿನ ತಿಂಗಳುಗಳಲ್ಲಿ ಮಗುವಿನ ಚಲನೆ ಕಡಿಮೆಯಾದರೆ, ರಾತ್ರಿಯಾಗಿದ್ದರೂ ನೇರ ಆಸ್ಪತ್ರೆಗೆ.