ಗುಂಪಿನಲ್ಲಿಲ್ಲದವರ ಬಗ್ಗೆ ಗುಂಪಿನಲ್ಲಿ ಬರೆಯುವಾಗ

ಪ್ರಶ್ನೆ: ಮೈಸೂರಿನ ನಮ್ಮ ಬಡಾವಣೆಯ ನಿವಾಸಿಗಳ ವಾಟ್ಸ್‌ಆ್ಯಪ್ ಗ್ರೂಪಿಗೆ ನಾನು ಅಡ್ಮಿನ್. ಹೋದ ತಿಂಗಳು ಸದಸ್ಯರೊಬ್ಬರು ತಮ್ಮ ಮನೆಯ ಬಳೆ ಕಾಣೆಯಾಗಿದೆಯೆಂದು ಬರೆದು, ಮನೆಗೆಲಸಕ್ಕೆ ಬರುತ್ತಿದ್ದ ಮಹಿಳೆಯ ಫೋಟೊ, ಮೊಬೈಲ್ ಸಂಖ್ಯೆ ಮತ್ತು ಆಧಾರ್ ಕಾರ್ಡಿನ ಪ್ರತಿಯನ್ನು ಹಾಕಿ, ಇವರನ್ನು ಯಾರೂ ಕೆಲಸಕ್ಕೆ ಇಟ್ಟುಕೊಳ್ಳಬೇಡಿ ಎಂದು ತಿಳಿಸಿದರು. ಪೊಲೀಸರಿಗೆ ದೂರು ಕೊಟ್ಟಿಲ್ಲ. ಇನ್ನೆರಡು ಮನೆಯವರೂ ಆ ಮಹಿಳೆಯನ್ನು ಕೆಲಸದಿಂದ ಬಿಡಿಸಿದ್ದಾರೆ. ನಾನು ಏನೂ ಹೇಳದೆ ಸುಮ್ಮನಿದ್ದೆ. ಇದರಲ್ಲಿ ನನ್ನ ಹೊಣೆ ಎಷ್ಟು? ಈಗ ಏನು ಮಾಡಬಹುದು?

ಉತ್ತರ: ಕಾನೂನಿನ ದೃಷ್ಟಿಯಿಂದ ನೀವು ಹೆದರಬೇಕಾಗಿಲ್ಲ. ಸದಸ್ಯರೊಬ್ಬರು ಹಾಕಿದ ಸಂದೇಶಕ್ಕೆ ಕೇವಲ ಅಡ್ಮಿನ್ ಎಂಬ ಕಾರಣದಿಂದ ಯಾರನ್ನೂ ಹೊಣೆಯಾಗಿಸಲು ಬರುವುದಿಲ್ಲವೆಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿದೆ. 2022ರಲ್ಲಿ ಕೇರಳ ಹೈಕೋರ್ಟ್ ಕೂಡ ಇದೇ ನಿಲುವನ್ನು ತಳೆದಿದೆ. ಆದರೆ ಸದಸ್ಯರ ಸಂದೇಶವನ್ನು ಎಲ್ಲರಿಗೂ ಕಾಣದಂತೆ ಅಳಿಸುವ ಅವಕಾಶ ಅಡ್ಮಿನ್‌ಗೆ ಇದೆ. ಆ ಅವಕಾಶವಿದ್ದೂ ಅದನ್ನು ಬಳಸದೇ ಇದ್ದುದರಿಂದ ಒಬ್ಬರ ಜೀವನೋಪಾಯಕ್ಕೆ ಪೆಟ್ಟು ಬಿದ್ದಿದೆ. ಈ ನೈತಿಕ ಹೊಣೆಯಲ್ಲಿ ನಿಮಗೂ ಪಾಲಿದೆಯೆಂದು ನಾನು ಸ್ಪಷ್ಟವಾಗಿಯೇ ಹೇಳಬೇಕಾಗುತ್ತದೆ.

ಸಂದೇಶ ಹಾಕಿದವರ ಸ್ಥಿತಿ ಬೇರೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಮಾನಹಾನಿಗೆ ಎರಡು ವರ್ಷಗಳವರೆಗಿನ ಸಾದಾ ಸೆರೆವಾಸ, ದಂಡ, ಇವೆರಡೂ, ಇಲ್ಲವೇ ಸಮುದಾಯ ಸೇವೆಯ ಶಿಕ್ಷೆಯಿದೆ. ಅಧಿಕಾರವುಳ್ಳವರ ಮುಂದೆ ಸದ್ಭಾವನೆಯಿಂದ ಮಾಡಿದ ಆರೋಪಕ್ಕೆ ಅದೇ ಕಲಂ ವಿನಾಯಿತಿ ಕೊಡುತ್ತದೆ. ಅಂದರೆ ಅದೇ ಅನುಮಾನವನ್ನು ಠಾಣೆಯಲ್ಲಿ ದೂರಾಗಿ ಬರೆದುಕೊಟ್ಟಿದ್ದರೆ ಅವರಿಗೆ ರಕ್ಷಣೆ ಇರುತ್ತಿತ್ತು. ತನ್ನ ಅಥವಾ ಇತರರ ಹಿತರಕ್ಷಣೆಗಾಗಿ ಎಚ್ಚರಿಕೆ ಕೊಡುವುದಕ್ಕೂ ವಿನಾಯಿತಿ ಇದೆ, ನಿಜ. ಆದರೆ ತಕ್ಕ ಎಚ್ಚರ ಮತ್ತು ಗಮನವಿಲ್ಲದೆ ಮಾಡಿದ್ದನ್ನು ಸದ್ಭಾವನೆಯಿಂದ ಮಾಡಿದ್ದೆಂದು ಕಾನೂನು ಒಪ್ಪುವುದಿಲ್ಲ. ದೂರು ಕೊಡದೆ, ಆ ಮಹಿಳೆಯನ್ನು ಕೇಳದೆ, ಅವರ ಫೋಟೊವನ್ನು ನೂರಾರು ಜನರಿಗೆ ಕಳುಹಿಸಿದವರು ಆ ಎಚ್ಚರ ವಹಿಸಿದ್ದರೆಂದು ವಾದಿಸುವುದು ಕಷ್ಟ.

ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುವ ಸಂಗತಿಯೆಂದರೆ, ಆ ಮಹಿಳೆ ನಿಮ್ಮ ಗ್ರೂಪಿನಲ್ಲಿ ಇಲ್ಲ. ತಮ್ಮ ಬಗ್ಗೆ ಏನು ಬರೆದಿದ್ದಾರೆಂದು ನೋಡಲು, ಅದು ಸುಳ್ಳಾಗಿದ್ದರೆ ಅಲ್ಲಗಳೆಯಲು, ಅಳಿಸಲು ಅವರಿಗೆ ದಾರಿಯೇ ಇಲ್ಲ. ಖಾಸಗಿತನವು ಸಂವಿಧಾನದತ್ತ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ಮನೆಯ ಯಜಮಾನರಿಗೆ ಎಷ್ಟಿದೆಯೋ ಮನೆಗೆಲಸದವರಿಗೂ ಅಷ್ಟೇ ಇದೆ. ಅನುಮಾನವೊಂದು ಮೊಬೈಲಿನಿಂದ ಮೊಬೈಲಿಗೆ ಹಬ್ಬಿದಾಗ ಏನಾಗಬಲ್ಲದೆಂಬುದನ್ನು 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಕಂಡಿದ್ದೇವೆ. ಮಕ್ಕಳ ಕಳ್ಳರೆಂಬ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ನಿಮ್ಮ ಬಡಾವಣೆಯಲ್ಲಿ ಹಾಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ, ಆದರೆ ಫಾರ್ವರ್ಡ್ ಆದ ಫೋಟೊ ಯಾರ ಕೈಸೇರುತ್ತದೆ ಎಂಬುದು ಅದನ್ನು ಮೊದಲು ಹಾಕಿದವರ ಹಿಡಿತದಲ್ಲಿ ಇರುವುದಿಲ್ಲ.

ಆಧಾರ್ ಪ್ರತಿಯ ಅಪಾಯವೇ ಬೇರೆ. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ಬಳಸಿ ಬ್ಯಾಂಕ್ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ಬೆಂಗಳೂರು ಮತ್ತು ಮಂಗಳೂರಿನಲ್ಲಿ ವರದಿಯಾಗಿದ್ದವು. ಆ ಮಹಿಳೆಗೆ ಈ ವಿಷಯವನ್ನು ತಿಳಿಸಿ, ಅವರು ಬಯಸಿದರೆ ಎಂ-ಆಧಾರ್ ಆ್ಯಪಿನ ಮೂಲಕ ಬಯೋಮೆಟ್ರಿಕ್ ಲಾಕ್ ಮಾಡಲು, ಅಂದರೆ ಅವರ ಬೆರಳಚ್ಚಿನಂಥ ಗುರುತುಗಳನ್ನು ಬೇರೆಯವರು ಬಳಸದಂತೆ ತಡೆಯಲು, ನೆರವಾಗಿ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಗುರುತಿನ ಚೀಟಿ ಬೇಕೇ ಬೇಕೆನ್ನುವವರು ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿಯನ್ನು ಪಡೆದರೆ ಸಾಕು.

ಈಗ ಮಾಡಬೇಕಾದ್ದು ಇಷ್ಟು. ಸಂದೇಶವನ್ನು ಎಲ್ಲರಿಗೂ ಅಳಿಸುವ ಆಯ್ಕೆ ಇನ್ನೂ ಇದ್ದರೆ ಇಂದೇ ಅಳಿಸಿ. ಅವಧಿ ಮೀರಿದ್ದರೂ ಗ್ಯಾಲರಿಯಲ್ಲಿ ಉಳಿದಿರುವ ಫೋಟೊಗಳನ್ನು ತೆಗೆದುಹಾಕುವಂತೆ ಪ್ರತಿಯೊಬ್ಬರನ್ನೂ ಕೇಳಿ. ಆರೋಪ ಸಾಬೀತಾಗಿಲ್ಲ, ದೂರೂ ದಾಖಲಾಗಿಲ್ಲ ಎಂಬುದನ್ನು ಅದೇ ಗ್ರೂಪಿನಲ್ಲಿ, ಮಹಿಳೆಯ ಹೆಸರನ್ನು ಮತ್ತೆ ಬರೆಯದೆ, ತಿಳಿಸಿ. ಕೆಲಸ ಬಿಡಿಸಿದ ಎರಡು ಮನೆಗಳಿಗೆ ನೀವೇ ಹೋಗಿ ಮಾತನಾಡಿ. ಮರಳಿ ಕೆಲಸ ಸಿಗಬೇಕಾದರೆ ಗ್ರೂಪಿನ ಸಂದೇಶಕ್ಕಿಂತ ಆ ಭೇಟಿಯೇ ಹೆಚ್ಚು ಉಪಯುಕ್ತ. ಬಳೆ ಕಳೆದುಕೊಂಡವರ ನಷ್ಟವೂ ನಿಜವಾದದ್ದೇ ಆಗಿರಬಹುದು, ಅವರನ್ನು ಠಾಣೆಗೆ ಕರೆದುಕೊಂಡು ಹೋಗಲು ಜೊತೆ ನೀಡಿ.

ಪ್ರಶ್ನೆ: ಮಗಳ ಕಾಯಿಲೆಯ ಬಗ್ಗೆ ಸಲಹೆ ಕೇಳಲು ಪೋಷಕರ ಫೇಸ್‌ಬುಕ್ ಗುಂಪಿನಲ್ಲಿ ವೈದ್ಯಕೀಯ ವರದಿಯನ್ನು ಹಾಕಬಹುದೇ?

ಉತ್ತರ: ವರದಿಯನ್ನು ಹಾಕದೆ, ಅದರಲ್ಲಿರುವ ಅಗತ್ಯ ಅಂಶಗಳನ್ನು ನಿಮ್ಮ ಮಾತಿನಲ್ಲಿ ಬರೆದು ಕೇಳಿ. ಹಾಕಲೇಬೇಕಾದರೆ ಹೆಸರು, ಆಸ್ಪತ್ರೆಯ ನೋಂದಣಿ ಸಂಖ್ಯೆ ಮತ್ತು ಕ್ಯೂಆರ್ ಕೋಡ್ ಇರುವ ಭಾಗವನ್ನು ಕತ್ತರಿಸಿ ತೆಗೆಯಿರಿ. ಗೀರು ಎಳೆದು ಮುಚ್ಚಿದರೆ ಕೆಲವೊಮ್ಮೆ ಕೆಳಗಿನ ಅಕ್ಷರಗಳು ಕಾಣುತ್ತವೆ. ಹೆಸರು ಮರೆಸಿ ಪೋಸ್ಟ್ ಮಾಡುವ ಸೌಲಭ್ಯವಿರುವ ಗುಂಪುಗಳಲ್ಲೂ ಅಡ್ಮಿನ್‌ಗಳಿಗೆ ನಿಮ್ಮ ಹೆಸರು ತಿಳಿಯುತ್ತದೆ. ಮಗಳು ವಿಷಯವನ್ನು ಅರ್ಥಮಾಡಿಕೊಳ್ಳುವ ವಯಸ್ಸಿನವಳಾಗಿದ್ದರೆ ಮೊದಲು ಅವಳನ್ನು ಕೇಳಿ, ಬೇಡವೆಂದರೆ ಹಾಕಬೇಡಿ.