ಟೀ ಶರ್ಟ್‌ಗೆ ಹಾಕುವ ಹೀಟ್ ಟ್ರಾನ್ಸ್‌ಫರ್ ವಿನೈಲ್ ಕತ್ತರಿಸಲು ಸರಿಯಾದ ಸೆಟ್ಟಿಂಗ್ ಯಾವುದು? ಟೆಸ್ಟ್ ಮಾಡಿ ವಿನೈಲ್ ಹಾಳು ಮಾಡದೆ ನೇರವಾಗಿ ಬಳಸುವ ಚಾರ್ಟ್ ಇದ್ದರೆ ಕೊಡಿ

"ಟೆಸ್ಟ್ ಮಾಡಿ ವಿನೈಲ್ ಹಾಳು ಮಾಡದೆ" ಅಂತ ಬರೆದಿದ್ದೀರಲ್ಲ, ಓದಿ ನಗು ಬಂತು. 2023ರ ಅಕ್ಟೋಬರ್‌ನಲ್ಲಿ ನಾನೂ ಇದೇ ಮಾತು ಆಡಿದ್ದೆ. ಎರಡು ಇಂಚು ಉಳಿಸಲು ಹೋಗಿ ನಾಲ್ಕು ಮೀಟರ್ ವಿನೈಲ್ ಕಸಕ್ಕೆ ಹಾಕಿದವಳು ನಾನು.

ತುಮಕೂರಿನಲ್ಲಿ ಮನೆಯ ಮುಂದಿನ ರೂಮೇ ನನ್ನ ಅಂಗಡಿ. ಹೊಲಿಗೆ ಮಷಿನ್ ಪಕ್ಕದಲ್ಲಿ ಕಂಪ್ಯೂಟರಿನ ಡಿಸೈನನ್ನು ಬ್ಲೇಡಿನಲ್ಲಿ ಕತ್ತರಿಸುವ ಒಂದು ಚಿಕ್ಕ ಕಟ್ಟರ್, ಕತ್ತರಿಸಿದ್ದನ್ನು ಬಿಸಿಯಲ್ಲಿ ಒತ್ತಿ ಬಟ್ಟೆಗೆ ಅಂಟಿಸುವ ಒಂದು ಹೀಟ್ ಪ್ರೆಸ್. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದು 50 ವರ್ಷ ಆಗಿತ್ತಲ್ಲ, ಆ ಸಲ ನವೆಂಬರ್ 1 ಬಹಳ ಜೋರು. ನಮ್ಮ ಕಡೆಯ ಆಟೋ ಸ್ಟ್ಯಾಂಡಿನವರು 42 ಟೀ ಶರ್ಟ್ ಹೇಳಿದ್ದರು. ಹಳದಿ ಬಟ್ಟೆ, ಬೆನ್ನ ಮೇಲೆ ಕೆಂಪು ಅಕ್ಷರ. ಮೇಲೆ ದೊಡ್ಡದಾಗಿ "ಕನ್ನಡ ರಾಜ್ಯೋತ್ಸವ", ಕೆಳಗೆ ಒಂದೂವರೆ ಸೆಂಟಿಮೀಟರ್ ಎತ್ತರದಲ್ಲಿ ಸ್ಟ್ಯಾಂಡಿನ ಹೆಸರು, ಕೊನೆಗೆ "ಮಿತ್ರವೃಂದ". ಈ ಕೊನೆಯ ಪದವನ್ನು ನೆನಪಿಟ್ಟುಕೊಳ್ಳಿ.

30ನೇ ತಾರೀಖು ರಾತ್ರಿ ಒಂಬತ್ತಕ್ಕೆ ಕೂತೆ. ಮಷಿನ್ನಿನ ಜೊತೆಗೇ ಒಂದು ಟೆಸ್ಟ್ ಇರುತ್ತದೆ: ಒಂದು ಸೆಂಟಿಮೀಟರಿನ ಚೌಕ, ಅದರೊಳಗೆ ತ್ರಿಕೋನ. ವಿನೈಲಿನ ಮೂಲೆಯಲ್ಲಿ ಒಂದೇ ಒಂದು ಚೌಕ ಹೊಡೆಸಿದೆ. ಉಗುರಿನಲ್ಲಿ ಎತ್ತಿದೆ, ತ್ರಿಕೋನ ಕೂತಲ್ಲೇ ಕೂತು ಚೌಕ ಮಾತ್ರ ಚೆನ್ನಾಗಿ ಎದ್ದು ಬಂತು. ಆಯ್ತಲ್ಲ, ಇನ್ನೇನು? ಒಂದಾದ ಮೇಲೆ ಒಂದು ಹಾಕುತ್ತಾ ಹೋದೆ. ರಾತ್ರಿ ಒಂದು ಗಂಟೆಗೆ 42 ತುಂಡು ಕತ್ತರಿಸಿ ಪೇರಿಸಿಟ್ಟು ಮಲಗಿದೆ. ಬೇಡದ ವಿನೈಲ್ ಕಿತ್ತು ತೆಗೆಯುವ ಕೆಲಸ ಬೆಳಿಗ್ಗೆ ಅಮ್ಮನ ಜೊತೆ ಅಂತ ಬಿಟ್ಟೆ. ಆ ಕೆಲಸಕ್ಕೆ ಎಲ್ಲರೂ ವೀಡಿಂಗ್ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಕಳೆ ಕೀಳೋದು ಅಂತಲೇ ಹೆಸರು. ಅಮ್ಮ ಚಿಕ್ಕಂದಿನಿಂದ ರಾಗಿ ಹೊಲದಲ್ಲಿ ಕಳೆ ಕಿತ್ತವರು, ಅವರ ಕೈ ನನಗಿಂತ ಚುರುಕು.

ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು ಅಮ್ಮ ಮೂರನೇ ನಾಲ್ಕನೇ ತುಂಡು ಎತ್ತಿಕೊಂಡರು. ಆಮೇಲೆ ಅಡಿಯಿಂದ ಒಂದು ಎಳೆದು ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಕಳೆ ಜೊತೆ ಪೈರೂ ಬರ್ತಾ ಇದೆಯಲ್ಲೇ."

ಹೋಗಿ ನೋಡಿದರೆ "ಮಿತ್ರ"ದ ರ ಒತ್ತು ಇಲ್ಲ. "ವೃಂದ"ದ ಸೊನ್ನೆ ಇಲ್ಲ. "ತ್ಸ"ದ ಸ ಒತ್ತು ಅರ್ಧ ಎದ್ದು ನೇತಾಡುತ್ತಿದೆ. ಎಲ್ಲ ತೆಗೆದು ಹಾಕಬೇಕಾದ ಕೆಂಪು ಹಾಳೆಗೇ ಅಂಟಿಕೊಂಡು ಬಂದಿವೆ. ಮೊದಲು ಕತ್ತರಿಸಿದ 11 ತುಂಡು ಸರಿ ಇದ್ದವು. ಉಳಿದ 31 ಹೀಗೇ.

ಈಗ ನನ್ನ ತಪ್ಪು ಏನು ಅನ್ನೋದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಬೇಜಾರಾದರೂ ಓದಿ. ಫೋರ್ಸ್, ಅಂದರೆ ಬ್ಲೇಡು ಒತ್ತುವ ಬಲ, ಕಮ್ಮಿ ಇಟ್ಟಿದ್ದು ತಪ್ಪಲ್ಲ. ಆ ಚೌಕವನ್ನು ನಂಬಿದ್ದು ತಪ್ಪು.

ಚೌಕ ಒಂದು ಸೆಂಟಿಮೀಟರ್ ಇದೆ. ಅಷ್ಟು ಅಗಲದ ತುಂಡು ಕೆಳಗಿನ ಪಾರದರ್ಶಕ ಹಾಳೆಯನ್ನು, ಅಂದರೆ ಕ್ಯಾರಿಯರ್ ಶೀಟನ್ನು, ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಬ್ಲೇಡು ವಿನೈಲ್ ಪೂರ್ತಿ ಕತ್ತರಿಸದೆ ಅಡಿಯಲ್ಲಿ ಕೂದಲೆಳೆಯಷ್ಟು ಬಿಟ್ಟಿದ್ದರೂ ಗೊತ್ತಾಗುವುದಿಲ್ಲ. ಎಳೆದಾಗ ಆ ಎಳೆ ಹರಿಯುತ್ತದೆ, ತ್ರಿಕೋನ ಅಲ್ಲೇ ಉಳಿಯುತ್ತದೆ. ಆರು ಮಿಲಿಮೀಟರಿನ ಒತ್ತಕ್ಷರದ ಕತೆ ಬೇರೆ. ಅದಕ್ಕೆ ಕೆಳಗೆ ಹಿಡಿದುಕೊಳ್ಳಲು ಜಾಗವೇ ಇಲ್ಲ. ಅದೇ ಕೂದಲೆಳೆ ಈಗ ಒತ್ತಿಗಿಂತ ಬಲವಾಗಿದೆ, ಕಳೆ ಎಳೆದರೆ ಒತ್ತೂ ಅದರ ಹಿಂದೆ ಹೊರಡುತ್ತದೆ.

ಇನ್ನೊಂದು, ಚೌಕ ಎಂದರೆ ನೆಟ್ಟಗಿನ ಗೆರೆ. ನಮ್ಮ ಅಕ್ಷರದಲ್ಲಿ ನೆಟ್ಟಗೆ ಇರೋದು ಏನಿದೆ ಹೇಳಿ? ಎಲ್ಲ ಸುಳಿ, ಕೊಂಬು, ಸೊನ್ನೆ. ಬ್ಲೇಡು ತನ್ನ ಹೋಲ್ಡರ್ ಒಳಗೆ ಸುತ್ತುತ್ತಲೇ ಇರಬೇಕು. ಎರಡು ಮಿಲಿಮೀಟರ್ ಸೊನ್ನೆಯಲ್ಲಿ ಶುರುವಾದ ಜಾಗಕ್ಕೇ ಬಂದು ಗೆರೆ ಸೇರಬೇಕು. ವೇಗ ಜಾಸ್ತಿ ಇದ್ದರೆ, ಇಲ್ಲವೇ ಬ್ಲೇಡು ಸರಾಗವಾಗಿ ತಿರುಗದಿದ್ದರೆ, ಸೇರುವುದಿಲ್ಲ. ಒಂದು ಕಡೆ ಬಾಲ ಉಳಿಯುತ್ತದೆ. ಆ ದಿನ ಹೋಲ್ಡರ್ ಬಿಚ್ಚಿ ನೋಡಿದರೆ ಬ್ಲೇಡಿಗೆ ಕೆಂಪು ವಿನೈಲಿನ ಒಂದು ನಾರು ಎರಡು ಸುತ್ತು ಸುತ್ತಿಕೊಂಡಿತ್ತು. 12ನೇ ತುಂಡಿನ ಹೊತ್ತಿಗೆ ಸಿಕ್ಕಿಕೊಂಡಿರಬೇಕು. ಅದಕ್ಕೂ ಮುಂಚೆ ನನ್ನ ಮಗಳು ಅದೇ ಬ್ಲೇಡಿನಲ್ಲಿ ಸ್ಕೂಲ್ ಪ್ರಾಜೆಕ್ಟಿಗೆ ದಪ್ಪ ಕಾರ್ಡ್ ಪೇಪರ್ ಕತ್ತರಿಸಿದ್ದಳು. ಅದು ನನಗೆ ಗೊತ್ತಾಗಿದ್ದು ಆಮೇಲೆ.

ಮೂರನೆಯದು ಮ್ಯಾಟು, ಅಂದರೆ ವಿನೈಲನ್ನು ಮೇಲೆ ಕೂರಿಸಿ ಮಷಿನ್ನಿಗೆ ಹಾಕುವ ಅಂಟಂಟು ಹಾಳೆ. ಟೆಸ್ಟ್ ಚೌಕ ಹೊಡೆಸಿದ್ದು ಮೂಲೆಯಲ್ಲಿ. ಮ್ಯಾಟಿನ ಮೂಲೆಯನ್ನು ಯಾರೂ ಬಳಸಿರುವುದಿಲ್ಲ, ಅಲ್ಲಿ ಹೊಸದರಷ್ಟೇ ಅಂಟು ಇರುತ್ತದೆ. ಕೆಲಸ ನಡೆಯೋದು ನಡುವೆ. ಅಲ್ಲಿ ಅಂಟು ಹೋಗಿ ಬೋಳಾಗಿತ್ತು. ವಿನೈಲ್ ಸ್ವಲ್ಪ ಎದ್ದು ಅಲುಗಾಡಿದರೆ ಚಿಕ್ಕ ಅಕ್ಷರ ಮುಗಿಯಿತು.

ಅಂದರೆ ಸುಲಭದ ಆಕಾರವನ್ನು, ಸುಲಭದ ಜಾಗದಲ್ಲಿ ಕತ್ತರಿಸಿ, ಕಷ್ಟದ ಕೆಲಸಕ್ಕೆ ಪಾಸ್ ಮಾರ್ಕ್ಸ್ ಕೊಟ್ಟಿದ್ದೆ. ಮೊದಲನೇ ತುಂಡಿನ ಕಳೆಯನ್ನಾದರೂ ಆಗಲೇ ಕಿತ್ತು ನೋಡಬಹುದಿತ್ತು. ನಡುನಡುವೆ ಒಂದೆರಡನ್ನು ಕಿತ್ತಿದ್ದರೆ 12ನೆಯದರಲ್ಲೇ ಸಿಕ್ಕಿಬೀಳುತ್ತಿತ್ತು. ನಿದ್ದೆ ಬರುತ್ತಿತ್ತು, ಕೀಳಲಿಲ್ಲ.

ಗಾಬರಿಯಲ್ಲಿ ಮಾಡಿದ್ದು ಇನ್ನೂ ದೊಡ್ಡ ಪೆದ್ದುತನ. ಕತ್ತರಿಸಿಲ್ಲ ಅಂದರೆ ಫೋರ್ಸ್ ಏರಿಸು, ಅಷ್ಟೇ ಗೊತ್ತಿದ್ದದ್ದು. ಏರಿಸಿ ಒಂದು ಹೊಡೆಸಿದೆ. ಕ್ಯಾರಿಯರ್ ಶೀಟೂ ಸೇರಿ ಕತ್ತರಿಸಿ ಅಕ್ಷರಗಳು ಬಿಸ್ಕತ್ತಿನ ಹಾಗೆ ಬಿಡಿಬಿಡಿಯಾಗಿ ಮ್ಯಾಟಿಗೆ ಅಂಟಿಕೊಂಡವು. ಕ್ಯಾರಿಯರ್ ಇಲ್ಲದ ಅಕ್ಷರವನ್ನು ಬಟ್ಟೆ ಮೇಲೆ ನೆಟ್ಟಗೆ ಜೋಡಿಸುವುದು ಹೇಗೆ? ಹೋಲ್ಡರ್ ಬಿಚ್ಚಿ ನೋಡುವ ಬುದ್ಧಿ ಬಂದದ್ದು ಅದಾದ ಮೇಲೆ.

31ರಲ್ಲಿ ಒಂಬತ್ತನ್ನು ಸೂಜಿ, ಪೇಪರ್ ಕಟ್ಟರ್ ಹಿಡಿದು ಕೈಯಲ್ಲೇ ಬಿಡಿಸಿದೆವು. ಉಳಿದ 22ಕ್ಕೆ ರೋಲಿನಲ್ಲಿ ಮಿಕ್ಕಿದ್ದ ಎರಡು ಚಿಲ್ಲರೆ ಮೀಟರಿನಲ್ಲಿ ಮೇಲಿನ ಸಾಲು ಮಾತ್ರ ಹೊಸದಾಗಿ ಕತ್ತರಿಸಿದೆ. ಆ 22 ಶರ್ಟ್‌ಗೆ ಸ್ಟ್ಯಾಂಡಿನ ಹೆಸರೇ ಇಲ್ಲ. ಶರ್ಟಿಗೆ 30 ರೂಪಾಯಿ ಬಿಟ್ಟುಕೊಟ್ಟೆ. ಒಂದನೇ ತಾರೀಖು ಮೆರವಣಿಗೆ ಮುಗಿಸಿ ಬಂದ ಒಬ್ಬ ಡ್ರೈವರ್ ಬಾಗಿಲಲ್ಲಿ ನಿಂತು ಬೆನ್ನು ತೋರಿಸಿ, "ಅಕ್ಕಾ, ನನ್ ಕನ್ನಡದಲ್ಲಿ ಒಂದು ನ ಕಮ್ಮಿ ಐತೆ ನೋಡಿ" ಅಂದರು. ಕೈಯಲ್ಲಿ ಬಿಡಿಸಿದ ಒಂಬತ್ತರಲ್ಲಿ ಒಂದು. ನ ಒತ್ತು ಹೋಗಿದ್ದನ್ನು ನಾವಿಬ್ಬರೂ ನೋಡಿರಲಿಲ್ಲ. ರಾಜ್ಯೋತ್ಸವದ ದಿನ ಊರೆಲ್ಲ "ಕನಡ" ಅಂತ ಹಾಕಿಕೊಂಡು ತಿರುಗಿದ್ದರು ಪಾಪ.

ಹಾಗಾಗಿ ಚಾರ್ಟ್ ಕೊಡುವುದಿಲ್ಲ. ಜಂಬದಿಂದಲ್ಲ, ನನ್ನ ನಂಬರ್ ನಿಮಗೆ ಕೆಲಸಕ್ಕೆ ಬರುವುದಿಲ್ಲ. ಕ್ಯಾಮಿಯೋ 4 ಅನ್ನೋ ಕಟ್ಟರಿನಲ್ಲಿ ಫೋರ್ಸ್ 1ರಿಂದ 33ರವರೆಗೆ. ಕ್ರಿಕಟ್ ಕಂಪನಿಯ ಕಟ್ಟರಿನಲ್ಲಿ ಮೆಟೀರಿಯಲ್ ಹೆಸರು ಆರಿಸಿ ಒತ್ತಡ ಜಾಸ್ತಿ ಬೇಕಾ, ಕಮ್ಮಿ ಸಾಕಾ ಅಂತ ಹೇಳುತ್ತೀರಿ. ಸೈನ್ ಬೋರ್ಡ್ ಅಂಗಡಿಯ ಪ್ಲಾಟರಿನಲ್ಲಿ, ಅಂದರೆ ದೊಡ್ಡ ಕಟ್ಟರಿನಲ್ಲಿ, ಗ್ರಾಂ ಲೆಕ್ಕ. ಒಂದೇ ಕಂಪನಿಯ ಒಂದೇ ಮಾಡೆಲ್ ಆದರೂ ನನ್ನ ಬ್ಲೇಡು ಎಷ್ಟು ಸವೆದಿದೆ, ನಿಮ್ಮದು ಎಷ್ಟು ಸವೆದಿದೆ? ಚಾರ್ಟಿಗೆ ಅದು ಗೊತ್ತಿಲ್ಲ.

ನಾನು ಈಗ ಮಾಡೋದು ಹೀಗೆ. ಆರ್ಡರಿನ ಪದಗಳಲ್ಲಿ ಅತಿ ಕಷ್ಟದ ಅಕ್ಷರ ಯಾವುದು ಅಂತ ಹುಡುಕುತ್ತೇನೆ. ಅದನ್ನು ನಿಜವಾದ ಅಳತೆಯಲ್ಲೇ ಇಟ್ಟು, ಅದೇ ರೋಲಿನ ತುಂಡಿನಲ್ಲಿ, ಮ್ಯಾಟಿನ ನಡುವೆ ಕತ್ತರಿಸುತ್ತೇನೆ. ನನ್ನ ಖಾಯಂ ಪರೀಕ್ಷೆ "ವೃಂ". ವಟ್ರಸುಳಿ, ಸೊನ್ನೆ ಎರಡೂ ಇದೆ. ಅದು ಪಾಸಾದರೆ ಬೇರೆಲ್ಲ ಪಾಸು. ಎರಡು ಸೆಂಟಿಮೀಟರ್ ವಿನೈಲ್ ಖರ್ಚು, ಇದಕ್ಕೆ ಹಾಳು ಅಂತ ಹೇಳಬೇಡಿ.

ಮೊದಲು ಬ್ಲೇಡು, ಆಮೇಲೆ ಫೋರ್ಸ್. ಮಾಮೂಲಿ ಪಿಯು (ಪಾಲಿಯುರೇಥೇನ್) ವಿನೈಲ್ 80ರಿಂದ 100 ಮೈಕ್ರಾನ್ ಅಷ್ಟೇ, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಬ್ಲೇಡಿನ ತುದಿ ಹೊರಗೆ ಕಂಡೂ ಕಾಣದಷ್ಟು ಇದ್ದರೆ ಸಾಕು. ಬ್ಲೇಡನ್ನು ಕೈಯಲ್ಲಿ ತಿರುಗಿಸಿ ಹೊಂದಿಸುವ ಹೋಲ್ಡರ್ ಆದರೆ ಮಷಿನ್ನಿನಿಂದ ಹೊರಗೆ ತೆಗೆದು, ಪೆನ್ನಿನ ಹಾಗೆ ಹಿಡಿದು, ಒಂದು ಚೂರು ವಿನೈಲಿನ ಮೇಲೆ ಒತ್ತಿ ಎಳೆಯಿರಿ. ವಿನೈಲ್ ಕತ್ತರಿಸಬೇಕು, ಕ್ಯಾರಿಯರ್ ಮೇಲೆ ಮಸುಕಾದ ಗೀರು ಮಾತ್ರ ಬೀಳಬೇಕು. ಜೋರಾಗಿ ಒತ್ತಿದಾಗ ಅದಕ್ಕಿಂತ ಆಳಕ್ಕೆ ಹೋಗುವಂತಿದ್ದರೆ ಬ್ಲೇಡು ಒಳಗೆ ತೆಗೆದುಕೊಳ್ಳಿ.

ಆಮೇಲೆ ಫೋರ್ಸನ್ನು ಕಮ್ಮಿಯಿಂದ ಶುರು ಮಾಡಿ ಒಂದೊಂದೇ ಏರಿಸಿ. ಬೇರೆ ಏನನ್ನೂ ಮುಟ್ಟಬೇಡಿ. ವೇಗವನ್ನೂ ಫೋರ್ಸನ್ನೂ ಒಟ್ಟಿಗೆ ಬದಲಾಯಿಸಿದರೆ ಸರಿಯಾಗಿದ್ದು ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಪ್ರತಿ ಸಲ ಕಳೆ ಕಿತ್ತೇ ನೋಡಿ, ಕಣ್ಣಳತೆ ಬೇಡ. ಒತ್ತು, ಸೊನ್ನೆ ಕೂತಲ್ಲೇ ಕೂತರೆ ಶೀಟನ್ನು ಬೆಳಕಿಗೆ ಹಿಡಿಯಿರಿ. ಗೆರೆ ಕಾಣಬಹುದು. ಹಿಂಬದಿಯಲ್ಲಿ ಉಗುರು ಆಡಿಸಿದರೆ ಮಾತ್ರ ಸಿಗಬಾರದು. ಸಿಕ್ಕರೆ ಒಂದು ಮೆಟ್ಟಿಲು ಕೆಳಗೆ ಇಳಿಯಿರಿ. ದೊಡ್ಡ ಗೆರೆ ಸರಿಯಾಗಿದ್ದು ಸುಳಿಯಲ್ಲಿ ಮಾತ್ರ ಬಾಲ ಉಳಿಯುತ್ತಿದ್ದರೆ ಫೋರ್ಸ್ ಬಿಟ್ಟು ವೇಗ ಇಳಿಸಿ. ಎರಡು ಸಲ ಕತ್ತರಿಸುವ ಆಯ್ಕೆ ಇರುತ್ತದಲ್ಲ, ಚಿಕ್ಕ ಅಕ್ಷರಕ್ಕೆ ಅದನ್ನು ನಾನಂತೂ ಮುಟ್ಟುವುದಿಲ್ಲ. ಮ್ಯಾಟಿನಲ್ಲಿ ಚೂರು ಜರುಗಿದರೂ ಜೋಡಿ ಗೆರೆ ಬೀಳುತ್ತದೆ.

ಮಿನುಗುವ ಗ್ಲಿಟರ್ ವಿನೈಲ್ ಇದಕ್ಕಿಂತ ದಪ್ಪ, ಮಖಮಲ್ಲಿನ ಹಾಗಿರುವ ಫ್ಲಾಕ್ ಅರ್ಧ ಮಿಲಿಮೀಟರ್ ಹತ್ತಿರ. ಅವಕ್ಕೆ 60 ಡಿಗ್ರಿ ಬ್ಲೇಡ್ ಒಳ್ಳೆಯದು, ಮಾಮೂಲಿ ವಿನೈಲಿಗೆ 45. ಗ್ಲಿಟರ್, ಫ್ಲಾಕ್‌ನಲ್ಲಿ ಒಂದೂವರೆ ಸೆಂಟಿಮೀಟರ್ ಕನ್ನಡ ಅಕ್ಷರ ಬೇಕು ಅಂತ ಗಿರಾಕಿ ಕೇಳಿದರೆ ಆಗಲ್ಲ ಅಂತ ಹೇಳಿಬಿಡಿ.

ಇನ್ನೊಂದು ವಿಷಯ, ಸೆಟ್ಟಿಂಗಿಗೆ ಸಂಬಂಧ ಇಲ್ಲ, ಆದರೆ ಸೆಟ್ಟಿಂಗ್ ಸರಿ ಇಲ್ಲ ಅಂತಲೇ ಅನ್ನಿಸುತ್ತದೆ. ನುಡಿ ಥರದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಒಂದು ಅಕ್ಷರ ಎರಡು ಮೂರು ತುಂಡು ಸೇರಿ ಆಗಿರುತ್ತದೆ. ತುಂಡುಗಳು ಒಂದರ ಮೇಲೊಂದು ಹತ್ತಿದ ಕಡೆ ಮಷಿನ್ ಒಳಗೂ ಗೆರೆ ಎಳೆಯುತ್ತದೆ, ಅಕ್ಷರ ನಡುವೆ ಸೀಳುತ್ತದೆ. ಅಕ್ಷರವನ್ನು ಕರ್ವ್, ಅಂದರೆ ಬರೀ ಗೆರೆಯ ಆಕಾರ, ಮಾಡಿ, ತುಂಡುಗಳನ್ನು ವೆಲ್ಡ್ ಮಾಡಿ ಒಂದೇ ಆಕಾರವಾಗಿ ಬೆಸೆದು, ಆಮೇಲೆ ಮಷಿನ್ನಿಗೆ ಕಳಿಸಿ. ಕನ್ನಡಿ ಬಿಂಬದ ಹಾಗೆ ತಿರುಗಿಸಿ, ಹೊಳೆಯುವ ಬದಿ ಕೆಳಗೆ ಮಾಡಿ ಹಾಕಬೇಕು ಅನ್ನೋದು ನಿಮಗೆ ಗೊತ್ತೇ ಇರುತ್ತದೆ.

ಪಾಸಾದ ತುಂಡಿನ ಮೇಲೆ ಮಾರ್ಕರಿನಲ್ಲಿ ಫೋರ್ಸ್, ವೇಗ, ತಾರೀಖು ಬರೆದು ಗೋಡೆಗೆ ಅಂಟಿಸಿ. ಅದೇ ನಿಮ್ಮ ಚಾರ್ಟ್. ಹೊಸ ರೋಲು, ಹೊಸ ಬ್ಲೇಡ್, ಹೊಸ ಮ್ಯಾಟ್ ಬಂದರೆ ಮತ್ತೆ ಒಂದು "ವೃಂ". ನನ್ನ ಗೋಡೆಯಲ್ಲಿ ಈಗ ಇಂಥವು 37 ಇವೆ, ಬಂದವರೆಲ್ಲ ಇದೇನು ಮಂತ್ರ ಅಂತ ಕೇಳುತ್ತಾರೆ.

ನಿಮ್ಮ ಪ್ರಶ್ನೆಯಲ್ಲಿ ಸೆಟ್ಟಿಂಗ್ ಕೇಳಿದ್ದೀರಿ, ಚಾರ್ಟ್ ಕೇಳಿದ್ದೀರಿ. ಕತ್ತರಿಸಬೇಕಾದ ಅಕ್ಷರ ಯಾವುದು, ಎಷ್ಟು ಎತ್ತರ ಅನ್ನೋದೇ ಇಲ್ಲ. ಅದನ್ನು ಬರೆಯಿರಿ, ಯಾವ ಅಕ್ಷರದಿಂದ ಟೆಸ್ಟ್ ಶುರು ಮಾಡಬೇಕು ಅಂತ ಹೇಳುತ್ತೇನೆ.